ಅಲ್ಲಾಲ್ ಮಾವನ ದನಿಗೊಂದು ಮೈಕು

ಸೋಮವಾರ ಬೆಳಗ್ಗೆ ಅಲ್ಲಾಲ್ ಮಾವನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕುತ್ತಾರೆ ಎಂಬ ಸುದ್ದಿ ಬತೂಲಳಿಗೆ ಸಿಕ್ಕಿದ್ದು ಗುರುವಾರ ಮಧ್ಯಾಹ್ನ. ಗಂಟಲಿನ ಕ್ಯಾನ್ಸರ್ ಬೇರುಬಿಟ್ಟಿತ್ತು, ವೈದ್ಯರಿಗೆ ಬೇರೆ ದಾರಿಯಿರಲಿಲ್ಲ. ಮೂರು ಗಂಟೆಯಷ್ಟರಲ್ಲಿ ಅವಳು ಕಾಸಾಬ್ಲಾಂಕಾದ ದರ್ಬ್ ಘಲ್ಲೆಫ್ ಸಂತೆಯ ತಗಡಿನ ಸಾಲುಗಳಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದಳು. ಯಾವ ಅಂಗಡಿಯಲ್ಲೂ ಎರಡು ನಿಮಿಷ ನಿಲ್ಲಲಾಗುತ್ತಿರಲಿಲ್ಲ. ಒಬ್ಬ ಬೆಲೆ ಹೇಳಿ ಮುಗಿಸುವ ಮೊದಲೇ ಮುಂದಿನವನ ಮುಂದಿರುತ್ತಿದ್ದಳು.

ಅಲ್ಲಾಲ್ ಅವಳ ಸೋದರಮಾವ. ಸಫಿ ಬಂದರಿನಲ್ಲಿ ಮೂವತ್ತೆಂಟು ವರ್ಷ ಮೀನಿನ ಹರಾಜು ಕೂಗಿದವನು. ದೋಣಿಗಳ ಯಂತ್ರ, ಕಡಲಹಕ್ಕಿ, ಜಗಳ ಎಲ್ಲವನ್ನೂ ಮೀರಿ ಅವನ ಕೂಗು ಕೋಟೆಯ ಗೋಡೆಯವರೆಗೂ ಕೇಳುತ್ತಿತ್ತು. ಮದುವೆಯ ವಿಡಿಯೊ ಮಾಡಿಯೇ ಬದುಕುವ ಬತೂಲ್ ಆ ಕೂಗನ್ನು ಒಮ್ಮೆಯೂ ಹಿಡಿದಿಟ್ಟಿರಲಿಲ್ಲ. ಮದುವೆಯಲ್ಲಿ ಹಾಡೊಂದು ಸಾಕು, ಮಾತು ಯಾರಿಗೂ ಬೇಡ. ಹಾಗಾಗಿ ಅವಳ ಬಳಿ ಒಳ್ಳೆಯ ಮೈಕೂ ಇರಲಿಲ್ಲ.

ಅವಳ ಕಣ್ಣಿಗೆ ಚಿತ್ರವಾಗಲೇ ಕಟ್ಟಿತ್ತು: ದೋಣಿ ನಿಲ್ಲುವ ದಕ್ಕೆಯ ತುದಿಯಲ್ಲಿ ಮಾವ, ಹಿಂದೆ ನೀಲಿ ದೋಣಿಗಳು, ದೂರದಲ್ಲಿ ತನ್ನ ಕ್ಯಾಮೆರಾ. ಅದಕ್ಕೆ ಬೇಕಾದದ್ದು ಶಾಟ್‌ಗನ್ ಮೈಕು. ಬಂದೂಕಿನ ನಳಿಗೆಯಂತೆ ಉದ್ದಕ್ಕಿದ್ದು, ಯಾರ ಕಡೆ ಗುರಿಯಿಟ್ಟರೆ ಅವರ ದನಿಯನ್ನೇ ಹೆಚ್ಚು ಹಿಡಿದು, ಪಕ್ಕದ ಗದ್ದಲವನ್ನು ತಗ್ಗಿಸುವಂಥದ್ದು. ಕೈಯಲ್ಲಿದ್ದದ್ದು ಸಾವಿರದ ಎಂಟುನೂರು ದಿರ್ಹಮ್.

ಹಳೆಯ ಕ್ಯಾಮೆರಾ ಸಾಮಾನು ಮಾರುವ ಬೂಶ್ತಾ ಅವಳ ಪರಿಚಯದವನು. ಹೊಸ ಮೈಕೊಂದನ್ನು ಡಬ್ಬಿಯಿಂದ ತೆಗೆದು ಕೊಟ್ಟ. ಮೊಳದುದ್ದದ್ದು, ಹೊಳೆಯುತ್ತಿತ್ತು. ಬತೂಲ್ ಕಿವಿಗೆ ಹೆಡ್‌ಫೋನ್ ಹಾಕಿ ಅವನ ಕಡೆ ಗುರಿ ಹಿಡಿದಳು.

"ಮಾತಾಡು."

"ಏನಂತ ಮಾತಾಡ್ಲಿ? ನಿನ್ನೆ ಮೊನ್ನೆಯಿಂದ ಗಿರಾಕಿನೇ ಇಲ್ಲ, ಬಂದವಳು ಬಂದೂಕು ಹಿಡಿದಿದ್ದಾಳೆ."

ಪಕ್ಕದಲ್ಲಿ ಯಾರೋ ತಗಡು ಬಡಿಯುತ್ತಿದ್ದರೂ ಅವನ ದನಿ ಸ್ಪಷ್ಟವಾಗಿ ಬಂತು. "ಇದೇ ಸಾಕು, ಸಾವಿರದ ನಾನೂರಕ್ಕೆ ಕೊಡು. ಮೇಲೆ ಗಾಳಿ ತಡೆಯೋ ತುಪ್ಪಳದ ಹೊದಿಕೆನೂ ಕೊಡು," ಎಂದು ಚೀಲಕ್ಕೆ ಕೈಹಾಕಿದಳು.

"ತಡಿ ತಂಗಿ. ಯಾರ ದನಿಗೆ?"

"ನಮ್ಮ ಮಾವಂದು. ಇಡೀ ಬಂದರಿಗೆ ಕೇಳುತ್ತೆ."

"ನೀನು ಕೇಳಿ ಎಷ್ಟು ದಿನ ಆಯ್ತು?"

ಬತೂಲ್ ಸಫಿಗೆ ಹೋಗಿ ಎರಡು ವರ್ಷವಾಗಿತ್ತು. ಸುದ್ದಿ ಹೇಳಿದ್ದೂ ಮಾವನ ಹೆಂಡತಿ ರಕಿಯಾ ಅತ್ತೆ. ಬತೂಲ್ ಅಲ್ಲೇ ನಿಂತು ಫೋನ್ ಮಾಡಿದಳು. ಅತ್ತೆ ಫೋನನ್ನು ಮಾವನಿಗೆ ಕೊಟ್ಟಳು. ಆ ಕಡೆಯಿಂದ ಕಾಗದದ ಮೇಲೆ ಮರಳು ಉಜ್ಜಿದಂಥ ಸದ್ದು.

"ಮಾವಾ, ಜೋರಾಗಿ ಹೇಳು, ಕೇಳಿಸ್ತಿಲ್ಲ."

ಸದ್ದು ಮತ್ತೆ ಬಂತು. ಅತ್ತೆ ಫೋನ್ ಕಸಿದುಕೊಂಡು, "ಅಷ್ಟೇ ಕಣೇ ಅವರದು ಈಗ. ಬರ್ತೀಯಾ ಅಂತ ಕೇಳ್ತಿದ್ದಾರೆ," ಅಂದಳು.

ಬತೂಲ್ ಫೋನ್ ಇಟ್ಟಳು. ಬೂಶ್ತಾ ಅಂಗಡಿಯ ಪರದೆ ಎಳೆದು, ಇನ್ನೊಂದು ಮೈಕನ್ನೂ ತೆಗೆದುಕೊಂಡು ಅವಳನ್ನು ಹೊರಗೆ ಕರೆದೊಯ್ದ. ಅದು ಗೇಣುದ್ದದ, ಬಣ್ಣ ಕಿತ್ತುಹೋದ ಹಳೆಯ ಮೈಕು. ಗೋಡೆಯ ಬದಿಗೆ ಅವನ ಹಳೇ ಕಾರು ನಿಂತಿತ್ತು. ಇಬ್ಬರೂ ಒಳಗೆ ಕೂತು ಗಾಜು ಏರಿಸಿದರು. ಸಂತೆಯ ಗದ್ದಲ ದೂರವಾಯಿತು.

"ಗದ್ದಲದಲ್ಲಿ ಎಲ್ಲಾ ಮೈಕೂ ಒಳ್ಳೇದೇ. ಈಗ ಕೇಳು."

ಮೊದಲು ಹೊಸದು. ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ಸುಯ್ ಎಂಬ ಮೊರೆತ. ಬೂಶ್ತಾ ಪಿಸುಗುಟ್ಟಿದ, ಮಾತೆಲ್ಲ ಆ ಮೊರೆತದಲ್ಲಿ ಮುಳುಗಿತು. ಆಮೇಲೆ ಹಳೆಯದು. ಅದಕ್ಕೆ ರೆಕಾರ್ಡರಿನಿಂದಲೇ ವಿದ್ಯುತ್ ಬೇಕು. ಬತೂಲಳ ಬಳಿ ಅಂಥ ರೆಕಾರ್ಡರೊಂದಿತ್ತು. ಈ ಸಲ ಅವನ ತುಟಿ ಬಿಚ್ಚಿದ್ದೂ, ಉಗುಳು ನುಂಗಿದ್ದೂ ಕೇಳಿಸಿತು.

"ಇದನ್ನ ದೂರ ಇಟ್ಟರೆ ಇದೂ ಕೆಲಸಕ್ಕೆ ಬರಲ್ಲ," ಎಂದ ಬೂಶ್ತಾ. "ಮೈಕು ದುರ್ಬೀನಲ್ಲ ತಂಗಿ. ಬಾಯಿಂದ ಒಂದು ಗೇಣು, ಹೆಚ್ಚಂದ್ರೆ ಒಂದೂವರೆ."

"ಬೆಲೆ?"

"ಎರಡು ಸಾವಿರದ್ದು. ನಿಂಗೆ ಸಾವಿರದ ಏಳುನೂರು."

"ತುಪ್ಪಳದ ಹೊದಿಕೆ?"

"ಅದಕ್ಕೆ ಬೇರೆ ಮುನ್ನೂರು. ಒಳಗೇ ಹಿಡಿಯೋದಾದ್ರೆ ಬೇಡ."

ಕೈಯಲ್ಲಿ ಉಳಿಯುವುದು ನೂರೇ, ಹೊದಿಕೆ ಇಲ್ಲದೆ ಬಂದರಿನ ಗಾಳಿಯಲ್ಲಿ ಏನೂ ಸಿಕ್ಕದು. ದಕ್ಕೆ, ನೀಲಿ ದೋಣಿ, ದೂರದ ಕ್ಯಾಮೆರಾ ಎಲ್ಲವೂ ಹೋದಂತೆಯೇ. ಬತೂಲ್ ಮೈಕನ್ನು ಒಮ್ಮೆ ಅವನಿಗೆ ವಾಪಸು ಕೊಟ್ಟಳು, ಮತ್ತೆ ಇಸಿದುಕೊಂಡಳು, ಕೊನೆಗೆ ಹಣ ಕೊಟ್ಟು ಎದ್ದಳು. ಬಸ್ಸು ಹತ್ತಿದ ಮೇಲೂ ತಪ್ಪು ಮಾಡಿದೆನೇ ಎಂದು ಚೀಲ ಬಿಚ್ಚಿ ನೋಡುತ್ತಲೇ ಇದ್ದಳು.

ಸಫಿಯಲ್ಲಿ ಶುಕ್ರವಾರದ ಗೋಧಿರವೆಯ ಕುಸ್ಕುಸ್ ತಟ್ಟೆಯ ಮುಂದೆ ಮಾವ ಬರೀ ಸಾರು ಕುಡಿದ. ಅಗಲ ಎದೆ ಹಾಗೇ ಇತ್ತು, ಕತ್ತು ಮಾತ್ರ ಕೃಶವಾಗಿತ್ತು. ದಿನಕ್ಕೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಮಾತು ಬೇಡವೆಂದಿದ್ದರು ವೈದ್ಯರು.

ಶನಿವಾರ ಬೆಳಗ್ಗೆ ಕೋಣೆಯ ಟೈಲ್ಸ್ ಗೋಡೆ ದನಿಯನ್ನು ಮರಳಿಸುತ್ತಿದ್ದುದರಿಂದ ಬತೂಲ್ ಮನೆಯ ಕಂಬಳಿಗಳನ್ನೆಲ್ಲ ತಂದು ತೂಗುಹಾಕಿದಳು. ಫ್ರಿಜ್ ಆರಿಸಿದಳು. ಕಿಟಕಿ ಮುಚ್ಚಿದಳು. ಮತ್ತೆ ಎದ್ದು ಇನ್ನೊಂದು ಕಂಬಳಿ ತಂದಳು.

"ಕೂತ್ಕೊಳೇ," ಎಂದ ಮಾವ ಉಸಿರಿನಲ್ಲಿ. "ನಿನ್ನ ನೋಡಿದ್ರೆ ಆಪರೇಷನ್ ನಿಂಗೆ ಅನ್ನಿಸುತ್ತೆ."

ಮೈಕನ್ನು ಅವನ ಬಾಯಿಂದ ಒಂದು ಗೇಣು ಮೇಲೆ, ಕ್ಯಾಮೆರಾದ ಚಿತ್ರದೊಳಗೆ ಕಂಡರೂ ಸರಿಯೆಂದು ನಿಲ್ಲಿಸಿದಳು. ಏನು ಹೇಳಲಿ ಎಂದು ಮಾವ ಕೇಳಿದ. ಹರಾಜು, ಎಂದಳು.

"ಹರಾಜು ಕೂಗೋದು. ಪಿಸುಗುಟ್ಟೋದಲ್ಲ."

"ಒಂದೇ ಒಂದು ಪೆಟ್ಟಿಗೆ ಮೀನು ಮಾರು ಮಾವಾ."

ಅವನು ಗೋಡೆ ನೋಡುತ್ತಾ ಕೂತ. ಅವಳ ಕಾಲು ತನ್ನಷ್ಟಕ್ಕೆ ನೆಲ ಬಡಿಯುತ್ತಿತ್ತು. ಕೈಯಿಂದ ಮಂಡಿ ಒತ್ತಿಹಿಡಿದಳು. ಆಗ ಬಾಗಿಲಲ್ಲಿ ನಿಂತಿದ್ದ ರಕಿಯಾ ಅತ್ತೆ ಒಳಗೆ ಬಂದು ಎದುರಿಗೆ ಕೂತಳು.

"ಬೂತಾಯಿ ಮೀನು ಎಷ್ಟು?"

ಮದುವೆಯಾದಾಗಿನಿಂದ ಅವಳು ಹರಾಜುಕಟ್ಟೆ ಕಂಡವಳಲ್ಲ. ಅಲ್ಲಾಲ್ ಅವಳನ್ನು ದಿಟ್ಟಿಸಿದ. "ನೂರು," ಎಂದ.

"ಐವತ್ತು."

"ಐವತ್ತಕ್ಕೆ ಬೆಕ್ಕೂ ಮೂಸಲ್ಲ. ಕಣ್ಣು ನೋಡು, ಕೆಂಪಾಗಿದ್ಯಾ? ಬೆಳಗಿನ ಜಾವದ ಬಲೆ. ನೂರು. ಯಾರು ನೂರು?"

ಆಮೇಲೆ ಅವನು ನಿಲ್ಲಲಿಲ್ಲ. ನೂರೈದು, ನೂರಹತ್ತು, ಇಲ್ಲದ ವ್ಯಾಪಾರಿಗಳ ಹೆಸರು ಹಿಡಿದು ಕೆಣಕಿದ, ದೋಣಿಗಳ ಹೆಸರು ಹೇಳಿದ, ಮುಳುಗಿಹೋದ ಒಂದರ ಹೆಸರಿಗೆ ತುಸು ತಡೆದು ಮುಂದೆ ಹೋದ. ಅಂಗೈ ಮಾತ್ರ ಹಳೆಯ ರಭಸದಲ್ಲೇ ಗಾಳಿ ಬಡಿಯುತ್ತಿತ್ತು. ಅತ್ತೆ ಬೆರಳೆತ್ತುತ್ತಿದ್ದಳು. ಹೆಡ್‌ಫೋನಿನಲ್ಲಿ ಬತೂಲಳಿಗೆ ಪ್ರತಿ ಉಸಿರೂ ಕೇಳುತ್ತಿತ್ತು. ಹನ್ನೊಂದು ನಿಮಿಷವಾದ ಮೇಲೆ, "ಹೋಯ್ತು, ರಕಿಯಾಗೆ," ಎಂದು ಅವನು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ಐದು ವಾರದ ನಂತರ ಬತೂಲ್ ಮತ್ತೆ ಹೋದಾಗ ಮಾವ ಕತ್ತಿಗೆ ಬಟ್ಟೆ ಸುತ್ತಿಕೊಂಡು, ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು ಕೂತಿದ್ದ. ಹೆಡ್‌ಫೋನ್ ಹಾಕಿಕೊಂಡು ಆ ಹರಾಜನ್ನು ಪೂರ್ತಿ ಕೇಳಿದ. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ತೆಗೆದು ಅತ್ತೆಯ ಕಿವಿಗಿಟ್ಟ.

ಕೇಳುತ್ತಾ ಕೇಳುತ್ತಾ ಅತ್ತೆ ತಲೆವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಂಡಳು. "ಇಷ್ಟು ಮೆತ್ತಗೆ ಮಾತಾಡೋಕೆ ಬರ್ತಿತ್ತಾ ನಿಮಗೆ? ಮನೇಲೂ ಬಂದರಿನ ಹಾಗೇ ಕಿರುಚ್ತಿದ್ರಲ್ಲ."

ಮಾವ ಸ್ಲೇಟಿನಲ್ಲಿ ಬರೆದು ತೋರಿಸಿದ: "ಮೆತ್ತಗೆ ಹೇಳಿದ್ರೆ ನೀನು ಯಾವತ್ತು ಕೇಳಿದ್ದೆ?"

ಅತ್ತೆ ಸ್ಲೇಟನ್ನು ಕಿತ್ತುಕೊಂಡು ಅಂಗೈಯಿಂದ ಒರೆಸಿ, ಅಡುಗೆಮನೆಗೆ ಹೋದಳು. ಮಾವ ಭುಜ ಕುಣಿಸಿ ಸದ್ದಿಲ್ಲದೆ ನಕ್ಕ. ಆಮೇಲೆ ಚಪ್ಪಲಿ ಮೆಟ್ಟಿ, ಬಾ ಎಂದು ಬತೂಲಳಿಗೆ ಸನ್ನೆ ಮಾಡಿ ದಕ್ಕೆಯ ಕಡೆ ಹೊರಟ.