ರೋಮಿನ ರೈತನ ಮೆಣಸಿನಕಾಯಿ

ಗದಿಗೆಮ್ಮ ನನ್ನ ತಂಗಿ. ಆಕೆ ಗ್ರೀಕ್, ಲ್ಯಾಟಿನ್ ಓದಿದವಳು. ನಾನು ಆಳಂದದ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಬೇಗಂ ಬಜಾರಿನಲ್ಲಿ ಒಣಮೆಣಸಿನಕಾಯಿ ಮಾರುವವಳು. ಹದಿನಾರು ವರ್ಷದಿಂದ ಆಕೆ ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ಆ ಭಾಷೆಗಳನ್ನು ಕಲಿಸುತ್ತಾಳೆ. ಇನ್ನೂ ಸಹಾಯಕ ಪ್ರಾಧ್ಯಾಪಕಿ. ಆಕೆಯನ್ನು ಮೇಲೇರಲು ಬಿಡದವನು ವಿಭಾಗದ ಮುಖ್ಯಸ್ಥ ನರಹರಿ.

ಆರು ವರ್ಷ ಕೂತು ಆಕೆ ಒಂದು ಗ್ರೀಕ್ ನಾಟಕವನ್ನು ಕನ್ನಡಕ್ಕೆ ತಂದಿದ್ದಳು. ನೋಡಿ ಕೊಡುತ್ತೇನೆಂದು ಇಸಿದುಕೊಂಡ ನರಹರಿ ಅದನ್ನು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ. ಜಗಳಕ್ಕೆ ಹೋದ ನಮ್ಮಿಬ್ಬರಿಗೂ ಚಹಾ ತರಿಸಿದ.

"ನೋಡಮ್ಮ, ಗದಿಗೆಮ್ಮ ಅಂತ ಹೆಸರಿದ್ರೆ ಗ್ರೀಕ್ ಪುಸ್ತಕ ಯಾರು ಕೊಳ್ತಾರೆ? ಮುನ್ನುಡೀಲಿ ಥ್ಯಾಂಕ್ಸ್ ಹೇಳಿದೀನಲ್ಲ."

ಚಹಾವನ್ನು ಅವನ ಕಾಗದಗಳ ಮೇಲೆ ಚೆಲ್ಲಿ ಬಂದೆ. ತಂಗಿ ದೂರು ಕೊಟ್ಟಳು. ವಿಚಾರಣೆಗೆ ಕೂತವರೆಲ್ಲ ಅವನ ಗೆಳೆಯರೇ.

ಆಮೇಲೆ ಆಕೆ ಕನ್ನಡಕ್ಕೆ ತರತೊಡಗಿದ ಎರಡನೆಯ ಪುಸ್ತಕ ಎರಡು ಸಾವಿರ ವರ್ಷದ ಹಿಂದೆ ರೋಮಿನ ರೈತನೊಬ್ಬ ಲ್ಯಾಟಿನ್‌ನಲ್ಲಿ ಬರೆದದ್ದು. ನಾನು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರೆ ಆಕೆ ಅಂಗಡಿಯಲ್ಲೇ ಕೂತು ಓದಿ ಹೇಳುತ್ತಿದ್ದಳು. ಒಂದು ದಿನ ಅಡುಗೆಯ ಪುಟ ಬಂತು. ಆ ರೈತ ಉಪ್ಪು, ಬೆಳ್ಳುಳ್ಳಿ, ಕೊತ್ತಂಬರಿ ಅರೆಯುತ್ತಿದ್ದ.

"ಖಾರಕ್ಕ ಮೆಣಸಿನಕಾಯಿ ಹಾಕ್ಲಿಲ್ಲೇನ ಆ ಹುಚ್ಚಪ್ಪ?" ಎಂದೆ.

"ಅಕ್ಕಾ, ಆಗ ಅಲ್ಲಿ ಮೆಣಸಿನಕಾಯಿನ ಇರ್ಲಿಲ್ಲ. ನಮ್ ಕಡೀನೂ ಇರ್ಲಿಲ್ಲ. ಅದು ಅಮೆರಿಕಾದಿಂದ ಹಡಗಿನ್ಯಾಗ ಬಂದು ಐನೂರು ವರ್ಷ ಆಗೇತಿ ಅಷ್ಟ."

ಮೂವತ್ತು ವರ್ಷ ಮಾರಿದ ನನಗೇ ಇದು ಗೊತ್ತಿರಲಿಲ್ಲ.

"ಹಂಗಾರ ಆ ನರಹರಿಗೂ ಗೊತ್ತಿರಂಗಿಲ್ಲ ತಗೋ," ಎಂದೆ.

ತಂಗಿ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ನರಹರಿ ಹಸ್ತಪ್ರತಿ ಕೇಳಿದಾಗ ಈ ಸಲ ಆಕೆ ನಗುನಗುತ್ತ ಕೊಟ್ಟಳು. ಅದರ ಅಡುಗೆಯ ಪುಟದಲ್ಲಿ ಈಗ ರೋಮಿನ ರೈತ ಎರಡು ಹಿಡಿ ಕೆಂಪು ಮೆಣಸಿನಕಾಯಿಯನ್ನೂ ಅರೆಯುತ್ತಿದ್ದ. ಮೆಣಸಿನಕಾಯಿ ಇಲ್ಲದ ಅಸಲು ಪ್ರತಿಗೆ ಆಕೆ ನಾಂಪಲ್ಲಿಯ ನೋಟರಿಯೊಬ್ಬರಿಂದ ತಾರೀಖು ಸಮೇತ ಮುದ್ರೆ ಹಾಕಿಸಿ ನನ್ನ ಕಪಾಟಿನಲ್ಲಿಟ್ಟಳು. ಈ ಪುಸ್ತಕವೂ ಕೈತಪ್ಪಿದರೆ ಪ್ರಾಧ್ಯಾಪಕಿಯಾಗುವುದು ಈ ಜನ್ಮದಲ್ಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹತ್ತು ತಿಂಗಳ ನಂತರ ಕೋಠಿಯ ಒಂದು ಸಭಾಂಗಣದಲ್ಲಿ ಬಿಡುಗಡೆ. ಮುಖಪುಟದ ಮೇಲೆ ನರಹರಿ ಒಬ್ಬನದೇ ಹೆಸರು. ಪ್ರಶ್ನೆ ಕೇಳುವ ಹೊತ್ತಿಗೆ ತಂಗಿ ಎದ್ದು ನಿಂತಳು.

"ಸರ್, ನೂರಾ ಹನ್ನೆರಡನೆ ಪುಟ ಸ್ವಲ್ಪ ಓದ್ರಿ."

ಅವನು ರಾಗವಾಗಿ ಓದಿದ.

"ಆ ಕಾಲಕ್ಕ ರೋಮಿನ್ಯಾಗ ಮೆಣಸಿನಕಾಯಿ ಎಲ್ಲಿಂದ ಬಂತ್ರಿ? ಅದಕ್ಕ ಲ್ಯಾಟಿನ್ ಪದ ಯಾವ್ದೈತಿ, ಹೇಳ್ರಿ."

ಅಧ್ಯಕ್ಷತೆ ವಹಿಸಿದ್ದ ಇತಿಹಾಸದ ಮೇಷ್ಟ್ರು ದಿನೇಶ ಪುಸ್ತಕ ಇಸಿದುಕೊಂಡು ನೋಡಿದರು. ಮೊದಲು ಅವರು ನಕ್ಕರು, ಆಮೇಲೆ ಸಭೆ ನಕ್ಕಿತು. ನರಹರಿ ತಂಗಿಯ ಕಡೆ ಬೆರಳು ತೋರಿಸಿದ.

"ಅದು ನನ್ನ ತಪ್ಪಲ್ಲ! ಆ ಪುಟ ಬರೆದಿದ್ದು ಈಕೆ!"

ಕೂತಿರಲು ನನ್ನಿಂದಾಗಲಿಲ್ಲ. "ಹಂಗಾರ ಉಳದ ಪುಟ ಯಾರ್ ಬರದಾರೋ? ನಿಮ್ಮಪ್ಪ ಬರದಾನೇನು?"

ನಗು ನಿಂತಿತು. ತಂಗಿ ವೇದಿಕೆ ಹತ್ತಿ ಮುದ್ರೆಯ ಪ್ರತಿಯನ್ನು ದಿನೇಶರ ಮುಂದಿಟ್ಟಳು. ಅದರ ಮೇಲೆ ನಾಟಕದ ಹಳೆಯ ನೋಟ್‌ಬುಕ್ಕುಗಳನ್ನೂ ಪೇರಿಸಿದಳು. ಪ್ರಕಾಶಕ ಮಾರಾಟಕ್ಕಿಟ್ಟ ಪ್ರತಿಗಳನ್ನು ಅಲ್ಲಿಯೇ ಡಬ್ಬಕ್ಕೆ ತುಂಬತೊಡಗಿದ.

ವಾರ ಕಳೆದು ನರಹರಿ ಅಂಗಡಿಗೆ ಬಂದ. ಸಂಸ್ಥೆ ಅವನನ್ನು ಮುಖ್ಯಸ್ಥನ ಕುರ್ಚಿಯಿಂದ ಇಳಿಸಿ ವಿಚಾರಣೆ ಹಾಕಿತ್ತು. ಈ ಸಲ ಹೊರಗಿನವರು ಕೂರುತ್ತಾರಂತೆ.

"ಗದಿಗೆಮ್ಮಾ, ಇಬ್ಬರೂ ಸೇರಿ ಮಾಡಿದ್ದು ಅಂತ ಒಂದು ಪತ್ರ ಬರ್ಕೊಡಮ್ಮ. ಹೊಸ ಮುದ್ರಣದಲ್ಲಿ ನಿನ್ನ ಹೆಸರೂ ಹಾಕಿಸ್ತೀನಿ."

ತಂಗಿ ತೊಟ್ಟು ಮುರಿಯುತ್ತಲೇ ಇದ್ದಳು. "ಹೊಸ ಪುಸ್ತಕದಾಗ ನನ್ನ ಒಬ್ಬಾಕಿದ ಹೆಸರು ಬರ್ತದ್ರಿ ಸರ್. ನಿಮಗ ಮುನ್ನುಡಿಯಾಗ ಥ್ಯಾಂಕ್ಸ್ ಹೇಳ್ತೀನಿ."

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ನಾನು ಮೆಣಸಿನಕಾಯಿಯ ಖಾಲಿ ಚೀಲವನ್ನು ತಂದು ಅವನ ಮುಖದ ಮುಂದೆಯೇ ಝಾಡಿಸಿದೆ. ಅವನು ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಗಲ್ಲಿಯ ತಿರುವಿನ ತನಕ ಹೋದದ್ದನ್ನು ಇಬ್ಬರೂ ಎದ್ದು ನಿಂತು ನೋಡಿದೆವು.