ಜಾಡಿಯಲ್ಲಿದ್ದ ಹಳೇ ಹುಳಿ

ಸೊಸೆ ಮಾಡಿದ್ದು ಭಕ್ತಿಯಿಂದಲೇ. ತೊಂದರೆ ಇರುವುದೇ ಅಲ್ಲಿ! ಕೆಟ್ಟ ಬುದ್ಧಿಯಿಂದ ಮಾಡಿದ್ದರೆ ನಾಲ್ಕು ಮಾತು ಬೈದಾದರೂ ಹಗುರಾಗಬಹುದಿತ್ತು.

ಭಾನುವಾರ ಪಾಸ್ಟರು ಪಸ್ಕಹಬ್ಬದ ಬಗ್ಗೆ ಹೇಳಿದ್ದರು. ಯೆಹೂದ್ಯರು ಹಬ್ಬಕ್ಕೆ ಮುಂಚೆ ರೊಟ್ಟಿ ಉಬ್ಬಿಸುವ ಹುಳಿಹಿಟ್ಟು ಚೂರೂ ಉಳಿಯದಂತೆ ಮನೆ ಗುಡಿಸುತ್ತಾರೆ, ಮೊದಲ ಪಸ್ಕದಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ, ದಾಸ್ಯದ ನಾಡು ಬಿಟ್ಟು ಹೊರಡಲು ಸಿದ್ಧರಾಗಿ ಉಂಡರು, ಯೇಸುವೂ ಈ ಹಬ್ಬ ಆಚರಿಸಿದವನೇ ಎಂದು. ಸೊಸೆಯ ಮನಸ್ಸಿಗೆ ಅದು ನಾಟಿತು. ಮನೆಗೆ ಬಂದವಳೇ ಸೆರಗು ಸಿಕ್ಕಿಸಿ ಮೂಲೆಮೂಲೆ ಗುಡಿಸಿದಳು. ಕೊನೆಗೆ ಮನೆಗೆ ಸೇರಿದಂತಿದ್ದ ತಮ್ಮ ಬೇಕರಿಯ ಕಿಟಕಿಯಲ್ಲಿದ್ದ ಜಾಡಿಯನ್ನೂ ಮೋರಿಗೆ ಸುರಿದು, ಬಿಸಿನೀರು ಹಾಕಿ ಫಳಫಳ ತೊಳೆದಿಟ್ಟಳು.

ಅದರಲ್ಲಿದ್ದದ್ದು ಅತ್ತೆಯ ಹುಳಿಹಿಟ್ಟು. ಅತ್ತೆ ಮದುವೆಯಾಗಿ ಬಂದ ವರ್ಷ ಕಲಸಿಟ್ಟದ್ದು; ದಿನಾ ಒಂದು ಮುಷ್ಟಿ ತೆಗೆದು ಬ್ರೆಡ್ಡಿಗೆ ಹಾಕುವುದು, ಉಳಿದದ್ದಕ್ಕೆ ಹೊಸ ಹಿಟ್ಟು, ನೀರು ಉಣಿಸುವುದು. ಈಗ ಮುದುಕಿಗೆ ಮರೆವು. ಹೆತ್ತ ಮಗನನ್ನೇ "ಯಾರಪ್ಪಾ ನೀನು?" ಎನ್ನುತ್ತಾಳೆ. ಆದರೆ ಬೆಳಗಾದರೆ ಜಾಡಿ ಮೂಸಿ, "ಪಾಪ, ಹಸ್ದಿದೆ," ಎಂದು ಹಿಟ್ಟು ಹಾಕುವುದನ್ನು ಮಾತ್ರ ಮರೆತಿರಲಿಲ್ಲ. ಆ ವಾಸನೆಯಿಂದಲೇ ಇದು ತನ್ನ ಮನೆಯೆಂದು ಅವಳಿಗೆ ಗೊತ್ತಾಗುತ್ತಿತ್ತು.

ಗಂಡ ಖಾಲಿ ಜಾಡಿ ನೋಡಿ ಹಿಟ್ಟಿನ ಮೂಟೆಯ ಮೇಲೆ ಕುಸಿದ. "ಅಯ್ಯೋ, ಎಂಥ ಕೆಲಸ ಮಾಡ್ಬಿಟ್ಟೆ ಕಣೇ! ಅಮ್ಮನಿಗೆ ಉಳಿದಿದ್ದು ಅದೊಂದೇ."

ಸುದ್ದಿ ಕೇಳಿ ಪಾಸ್ಟರು ಓಡಿಬಂದರು. "ತಂಗೀ, ಕ್ರಿಸ್ತನೇ ನಮಗಾಗಿ ಬಲಿಯಾದ ಪಸ್ಕದ ಕುರಿಮರಿ ಅಲ್ವೇನಮ್ಮಾ? ನಾವು ಗುಡಿಸ್ಬೇಕಾದ್ದು ಮನಸ್ಸಿನೊಳಗಿನ ಹುಳೀನ. ಹಗೆ, ಕಪಟ, ಅದನ್ನ. ಅದನ್ನೂ ಹೇಳಿದ್ನಲ್ಲ!"

"ಹೇಳಿದ್ರಿ," ಎಂದಳು ಸೊಸೆ, ಮೂಗೊರೆಸಿಕೊಳ್ಳುತ್ತ. "ಜಾಡಿ ತೊಳೆಯೋದು ಸುಲಭ ಇತ್ತು."

ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವಂತೆ. ಗಾದೆ ಹೇಳುವವರಿಗೇನು, ಹೇಳಿ ಮನೆಗೆ ಹೋಗುತ್ತಾರೆ. ಸೊಸೆ ಹೊಸ ಹಿಟ್ಟಿಗೆ ನೀರು ಕಲಸಿ ಅದೇ ಜಾಡಿಗೆ ತುಂಬಿದಳು. ಇನ್ನೇನು ತಾನೇ ಮಾಡಿಯಾಳು?

ಬೆಳಿಗ್ಗೆ ಅತ್ತೆ ಬಂದು ಮುಚ್ಚಳ ತೆಗೆದಳು. ಮೂಸಿದಳು. ಮತ್ತೆ ಮೂಸಿದಳು.

"ಇದು ನಮ್ದಲ್ಲ."

"ನಮ್ದೇ ಅತ್ತೆ. ಒಂದು ವಾರ ತಡೀರಿ, ಹುಳಿ ಬರುತ್ತೆ," ಸೊಸೆ ಕೈಮುಗಿದಳು.

ಅತ್ತೆ ಸುತ್ತಲೂ ನೋಡಿದಳು. ಒಲೆ, ಮಸಿ ಹಿಡಿದ ಗೋಡೆ, ಮೂಟೆಯ ಪಕ್ಕ ನಿಂತ ಮಗ. ಒಂದೂ ಅವಳಿಗೆ ಗುರುತು ಹತ್ತಲಿಲ್ಲ. ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿ ನಿಂತಳು. ಸೊಸೆ ಹಿಂದೆಯೇ ಹೋಗಿ ಅವಳ ಕೈ ಹಿಡಿದಳು. ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ?

"ನಮ್ಮನೆಗೆ ಬಿಟ್ಬಿಡಮ್ಮಾ," ಎಂದಳು ಅತ್ತೆ, ತುಂಬ ಮರ್ಯಾದೆಯಿಂದ. "ಹೊತ್ತಾಯ್ತು. ಅಲ್ಲಿ ನನ್ನ ಹಿಟ್ಟು ಹಸ್ಕೊಂಡಿರುತ್ತೆ."