ಟವೆಲ್ಲಿನ ಒಳಗಿನ ದರ

ಡೋಣಿ ಊರಿನ ಹನಮವ್ವನಿಗೆ ಆ ಟವೆಲ್ ಕಂಡರೇ ಹೊಟ್ಟೆ ಉರಿಯುತ್ತಿತ್ತು. ಮುಂಡರಗಿಯ ಕುರಿ ಸಂತೆಯಲ್ಲಿ ದಲಾಲಿ ವಿರೂಪಾಕ್ಷಪ್ಪ ಕೈಮೇಲೆ ಟವೆಲ್ ಹೊದಿಸಿ, ಅದರೊಳಗೆ ಕೊಳ್ಳುವವನ ಬೆರಳು ಹಿಡಿದು, ಆ ಸನ್ನೆಯಲ್ಲೇ ದರ ಕುದುರಿಸುತ್ತಿದ್ದ. ಹಗಲು ರಾತ್ರಿ ಮೇಯಿಸಿದವಳು ಇವಳು, ದರ ಗೊತ್ತಾಗುವುದು ಅವರಿಬ್ಬರಿಗೆ! ತಾನೇ ಮಾರುತ್ತೇನೆ ಎಂದರೆ, ಹೆಂಗಸು ಗಂಡಸರ ಕೈ ಹಿಡಿದು ವ್ಯಾಪಾರ ಮಾಡುವುದುಂಟೇ ಎಂದು ಊರೇ ನಗುತ್ತಿತ್ತು. ಅಪ್ಪನ ಕಾಲದಿಂದ ವಿರೂಪಾಕ್ಷಪ್ಪ ಸಾವಕಾರರೇ ಮಾರಿಕೊಡುತ್ತಾರೆ, ಸುಮ್ಮನಿರು ಎಂದು ಗಂಡ ಗಾಳೆಪ್ಪನೂ ಗದರುತ್ತಿದ್ದ. ಆದರೆ ಈ ಸಲವೂ ಟಗರುಗಳು ಅಗ್ಗಕ್ಕೆ ಹೋದರೆ ಮತ್ತೆ ಮರಿ ತರುವ ಮಾತೇ ಇಲ್ಲ. ದೊಡ್ಡಿ ಖಾಲಿಯೇ ಉಳಿಯುತ್ತದೆ.

ಕುರಿಗಳಿಗೆ ಜಂತಿನ ಔಷಧ ಹಾಕಲು ಬರುವ ಪಶುಸಖಿ ನಾಗರತ್ನಾ ಒಂದು ದಿನ ತೂಗುವ ಕಾಟಾ ತಂದಳು. ಮನೆಯಲ್ಲೇ ತೂಗಿ, ಸಂತೆಯಲ್ಲಿ ದರ ಬಾಯಿಬಿಟ್ಟು ಕೇಳಿ ಎಂದಳು. ಹನಮವ್ವನಿಗೆ ಅನುಮಾನ. ಇವಳಿಗೆ ಯಾವ ವ್ಯಾಪಾರಿಯ ಹತ್ತಿರ ಪಾಲಿದೆಯೋ ಏನೋ! ದೊಡ್ಡಿಯ ಗೋಡೆ ಸರಿಮಾಡಲು ತಂದಿದ್ದ, ಬಾಯಿ ಬಿಚ್ಚದ ಸಿಮೆಂಟ್ ಚೀಲವನ್ನು ಮೊದಲು ತೂಗಿಸಿದಳು. ಚೀಲದ ಮೇಲೆ ಬರೆದಷ್ಟೇ ಬಂತು. ಆದರೂ ಇನ್ನೊಮ್ಮೆ ತೂಗಿಸಿದಳು.

ನಾಗರತ್ನಾ ಸಿಟ್ಟಾಗಲಿಲ್ಲ. "ಅನುಮಾನ ಪಡ್ರಿ ಅಕ್ಕಾ, ಚಲೋದು. ಆ ಟವೆಲ್ ಮ್ಯಾಲೂ ಇಷ್ಟ ಅನುಮಾನ ಇರ್ಲಿ," ಎಂದಳು. ಆಮೇಲೆ ಟಗರುಗಳನ್ನು ಒಂದೊಂದಾಗಿ ತೂಗಿದರು.

ಸಂತೆಯ ದಿನ ವಿರೂಪಾಕ್ಷಪ್ಪ ಎಂದಿನಂತೆ ಟವೆಲ್ ಬಿಚ್ಚಿದ. ಹನಮವ್ವ ಅಡ್ಡ ನಿಂತಳು.

"ಟವೆಲ್ ಬ್ಯಾಡ್ರಿ ಸಾವಕಾರ್ರ. ತೂಕ ನಾ ಹೇಳ್ತೀನಿ. ದರ ಎಲ್ಲಾರಿಗೂ ಕೇಳುವಂಗ ಹೇಳ್ರಿ."

"ಹೊಸಾ ಪದ್ಧತಿ ತಂದಿ ಏನವಾ? ಯಾರ್ ತೊಗೋತಾರ ನೋಡೋಣು."

ಹೇಳಿದಂತೆಯೇ ಆಯಿತು. ಬಿಸಿಲೇರಿದರೂ ಒಬ್ಬನೂ ಹತ್ತಿರ ಸುಳಿಯಲಿಲ್ಲ. ವಿರೂಪಾಕ್ಷಪ್ಪ ಕಣ್ಣಲ್ಲೇ ಎಲ್ಲರನ್ನೂ ತಡೆಯುತ್ತಿದ್ದಾನೆಂದು ಅವಳಿಗೆ ಅನಿಸಿತು. ಮಾನ ಕಳೆದೆ ಎಂದು ಗಾಳೆಪ್ಪ ಗೊಣಗತೊಡಗಿದ. ಕೊನೆಗೆ ಬೆಟಗೇರಿಯ ವ್ಯಾಪಾರಿ ರಮೀಜ ಟಗರಿನ ಬೆನ್ನು ಸವರಿ ನೋಡಿ, ತೂಕ ಕೇಳಿ ದರ ಕೂಗಿದ. ಅದು ಕಿವಿಗೆ ಬಿದ್ದದ್ದೇ ತಡ, ಪಕ್ಕದವನು ಏರಿಸಿದ. ಮತ್ತೊಬ್ಬ ಇನ್ನಷ್ಟು ಏರಿಸಿದ. ಹೋದ ಸಲ ಸಿಕ್ಕ ದರ ಎಲ್ಲೋ ಕೆಳಗೆ ಉಳಿಯಿತು.

ಗಾಳೆಪ್ಪ ಗೊಣಗುವುದನ್ನು ನಿಲ್ಲಿಸಿದ. "ಹಂಗಾರ ಇಷ್ಟ ವರ್ಷ ಆ ಟವೆಲ್ ಒಳಗ ಏನ್ ನಡೀತಿತ್ತು?" ಎಂದ.

ಹನಮವ್ವ ವಿರೂಪಾಕ್ಷಪ್ಪನ ಕಡೆ ನೋಡಿದಳು. ಆತ ತಲೆ ಎತ್ತದೆ ಟವೆಲ್ ಮಡಚುತ್ತಿದ್ದ. ಆಚೆ ಸಾಲಿನಲ್ಲಿ ಮಾರಲು ನಿಂತಿದ್ದ ಮರಿಯವ್ವ ತನ್ನ ಆಡುಗಳನ್ನು ಎಳೆದುಕೊಂಡು ಇವಳ ಪಕ್ಕ ಬಂದು ನಿಂತಳು.

ಅಕ್ಕ ತಂಗಿಯರೇ, ಕುರಿಯಾಗಲಿ, ಮೆಣಸಿನಕಾಯಿಯಾಗಲಿ, ಮಾಲು ನಿಮ್ಮದು. ಮನೆಯಲ್ಲೇ ತೂಗಿ ಹೊರಡಿ. ದರವನ್ನು ನಾಲ್ಕು ಜನರ ಮುಂದೆ ಕೇಳಿ. ಹಿಂದಿನಿಂದ ನಡೆದು ಬಂದ ಪದ್ಧತಿ ಎಂದು ಯಾರಾದರೂ ಹೇಳಿದರೆ, ಅದರಿಂದ ಲಾಭ ಯಾರಿಗೆ ಎಂದು ಅಲ್ಲೇ ಕೇಳಿ.